ಗಮನ ಎಂದು ಬರೆದ ಬಾಗಿಲು

ತಾನು ದೊಡ್ಡವಳಾಗುತ್ತಿರುವುದು ಇದು ಎರಡನೆಯ ಸಲ ಎಂದು ಅವಳಿಗೆ ಹೊಳೆದದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ, ಅಮ್ಮ ಅವಳ ಕಾಲರಿಗೆ ಅಂಟಿದ್ದ ಒಣಗಿದ ಪ್ಲಾಸ್ಟರಿನ ಚೂರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಾಗ. ಮೊದಲ ಸಲ ದೊಡ್ಡವಳಾದಾಗ ಮನೆಯಲ್ಲಿ ಎಲ್ಲರೂ ಪಿಸುದನಿಯಲ್ಲಿ ಮಾತಾಡಿದ್ದರು, ಅವಳಿಗೆ ಮಾತ್ರ ಯಾರೂ ಏನನ್ನೂ ವಿವರಿಸಿರಲಿಲ್ಲ. ಈ ಸಲ ಎಲ್ಲರೂ ಗಟ್ಟಿಯಾಗಿಯೇ ಹೇಳುತ್ತಿದ್ದರು. ವಿವರಣೆ ಈಗಲೂ ಇರಲಿಲ್ಲ. ಹದಿನೆಂಟು ತುಂಬಿದ ಕೂಡಲೇ ಮಕ್ಕಳ ವಿಭಾಗದವರು ಅವಳ ಹೆಸರು ತೆಗೆದಿದ್ದರು, ವಯಸ್ಕರ ವಿಭಾಗದವರು ಇನ್ನೂ ಸೇರಿಸಿಕೊಂಡಿರಲಿಲ್ಲ. ಎಡಿಎಚ್‌ಡಿಗೆ, ಅಂದರೆ ಅವಳ ಗಮನ ಕೊರತೆಯ ಕಾಯಿಲೆಗೆ, ಮಾತ್ರ ಈ ಬದಲಾವಣೆಯನ್ನು ಯಾರೂ ತಿಳಿಸಿದಂತಿರಲಿಲ್ಲ; ಅದು ಎಂದಿನಂತೆ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಹಿಡಿದು, ಜೊತೆಗೇ ಬಂದಿತ್ತು. ಮಾತ್ರೆಗಳು ಈ ವಾರಕ್ಕೆ ಮುಗಿಯುತ್ತವೆ. ಇವತ್ತು ಒಳಗೆ ಹೆಸರು ಕೂಗಿದಾಗ ಅವಳು ಅಲ್ಲಿರದಿದ್ದರೆ ಗೈರು ಎಂದು ಬರೆದು ಸಾಲಿನ ತುದಿಗೆ ಹಾಕುತ್ತಾರೆ. ತುದಿಯೆಂದರೆ ಮುಂದಿನ ವರ್ಷ ಯಾವಾಗಲೋ. ಅಷ್ಟರಲ್ಲಿ ಹಲ್ಲಿನ ಲ್ಯಾಬಿನ ಕೆಲಸ ಉಳಿದಿರುವುದಿಲ್ಲ. ಅಪರಿಚಿತರ ಬಾಯಿಯ ಅಚ್ಚುಗಳಿಗೆ ಪ್ಲಾಸ್ಟರ್ ಸುರಿದು ಅವರ ಒಸಡಿನ ಮಾದರಿ ತೆಗೆಯುವುದು ಅಲ್ಲಿ ಅವಳು ಕಲಿಯುತ್ತಿದ್ದ ಕೆಲಸ. ಕಲಸಿದ ಪ್ಲಾಸ್ಟರನ್ನು ಹೊತ್ತಿಗೆ ಸರಿಯಾಗಿ ಸುರಿಯದಿದ್ದರೆ ಅದು ಬಟ್ಟಲಲ್ಲೇ ಕಲ್ಲಾಗುತ್ತದೆ. “ಇನ್ನೊಂದು ಬಟ್ಟಲು ಕಲ್ಲಾದ್ರೆ ನೀನೂ ಬಟ್ಟಲೂ ಒಟ್ಟಿಗೇ ಹೊರಗೆ ಹೋಗ್ತೀರ ನೋಡು,” ಎಂದಿದ್ದರು ಲ್ಯಾಬಿನ ಯಜಮಾನರು, ನಗುತ್ತಲೇ. ಅವರು ನಗುತ್ತ ಹೇಳಿದ್ದು ಯಾವುದೂ ಇದುವರೆಗೆ ಸುಳ್ಳಾಗಿರಲಿಲ್ಲ.

“ನಾನು ಒಳಗೆ ಬರೋ ಹಾಗಿಲ್ಲ, ಗೊತ್ತಲ್ಲ,” ಅಮ್ಮ ಕಾಲರನ್ನು ಬಿಟ್ಟು ಕೂದಲಿಗೆ ಕೈ ಹಾಕಿದಳು. “ದೊಡ್ಡವರು ಒಬ್ಬೊಬ್ಬರೇ ಬರಬೇಕಂತೆ. ನಾನು ಇಲ್ಲೇ ಬೆಂಚಿನ ಮೇಲೆ ಇರ್ತೀನಿ. ಫೋನು ನನ್ನ ಹತ್ರಾನೇ ಇರಲಿ, ನೀನು ಎಲ್ಲಾದ್ರೂ ಬಿಡ್ತೀಯ.”

“ಒಳಗೆ ಏನು ಹೇಳ್ಬೇಕು?”

“ಕೇಳಿದ್ದಕ್ಕೆ ಹೇಳು. ನಿದ್ದೆ ಚೆನ್ನಾಗಿ ಮಾಡ್ತಾಳೆ, ಬೆಳಿಗ್ಗೆ ಊಟ ಸೇರಲ್ಲ, ಸಂಜೆ ಮೇಲೆ ಸಿಡುಕು.”

“ಮಾಡ್ತಾಳೆ ಅಂತಾನೇ ಹೇಳ್ಲಾ?”

ಅಮ್ಮ ನಗಲಿಲ್ಲ. ಅವಳು ವಿದ್ಯುತ್ ಕಚೇರಿಯಲ್ಲಿ ದೂರಿನ ಫೋನಿನ ಮುಂದೆ ಕೂರುವವಳು. ದಿನವಿಡೀ ಕತ್ತಲಲ್ಲಿ ಕೂತವರು ಬೈಯುವುದನ್ನು ಕೇಳಿ, ‘ಸಂಬಂಧಪಟ್ಟವರ ಗಮನಕ್ಕೆ ತರ್ತೀವಿ’ ಎಂದು ಒಂದೇ ದನಿಯಲ್ಲಿ ಹೇಳಿ ಅವಳ ಮುಖದಲ್ಲಿ ನಗುವಿಗೆ ಬೇಕಾದ ಜಾಗ ಸ್ವಲ್ಪ ಕಡಿಮೆಯಾಗಿತ್ತು. ಮಗಳ ವಿಷಯದಲ್ಲಿ ಸಂಬಂಧಪಟ್ಟವರು ಎಂದರೆ ಮಕ್ಕಳ ವಿಭಾಗದ ಡಾಕ್ಟರಮ್ಮ. ಗೋಡೆಯ ಮೇಲೆ ಮೀನುಗಳ ಚಿತ್ರವಿದ್ದ ಆ ಕೋಣೆಯಲ್ಲಿ ಮಗಳು ಆನೆಯಾಕಾರದ ಕುರ್ಚಿಯಲ್ಲಿ ಕೂರುತ್ತಿದ್ದಳು, ಕೊನೆಕೊನೆಗೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಡಾಕ್ಟರಮ್ಮ ಅಮ್ಮನನ್ನು ನೋಡಿ ಕೇಳುತ್ತಿದ್ದರು, ಅಮ್ಮ ಡಾಕ್ಟರಮ್ಮನನ್ನು ನೋಡಿ ಹೇಳುತ್ತಿದ್ದಳು. ಇಬ್ಬರು ಗೃಹಿಣಿಯರು ಫ್ರಿಜ್ಜಿನ ಬಗ್ಗೆ ಮಾತಾಡಿದ ಹಾಗೆ: ಶಬ್ದ ಮಾಡುತ್ತಾ, ನೀರು ಸೋರುತ್ತಾ, ಮೊದಲಿಗಿಂತ ಪರವಾಗಿಲ್ಲವಾ. ಫ್ರಿಜ್ಜು ಆನೆಯ ಮೇಲೆ ಕೂತು ಮೀನುಗಳ ಕಣ್ಣು ಎಣಿಸುತ್ತಿತ್ತು. ‘ನಾನು’ ಎಂದು ಶುರುವಾಗುವ ಒಂದು ವಾಕ್ಯವನ್ನೂ ತಾನು ಆ ಕೋಣೆಯಲ್ಲಿ ಆಡಿಲ್ಲ ಎಂಬುದು ಈಗ, ಈ ಮೆಟ್ಟಿಲ ಮೇಲೆ, ಅವಳಿಗೆ ತಿಳಿಯಿತು.

ಒಳಗೆ ಕೌಂಟರಿನವನು ಅವಳ ಚೀಟಿ ನೋಡಿದ. ವಿಭಾಗದ ಪೂರ್ಣ ಹೆಸರು ‘ವಯಸ್ಕರ ಗಮನ ಕೊರತೆ, ಅತಿಚಟುವಟಿಕೆ ಹಾಗೂ ತತ್ಸಂಬಂಧಿ ನಡವಳಿಕೆಗಳ ಹೊರರೋಗಿ ಸಮಾಲೋಚನಾ ಘಟಕ’ ಎಂದಿತ್ತು. ಅದನ್ನು ಪೂರ್ತಿ ಹೇಳಿದರೆ ಅವನ ಮುಂದಿನ ಸಾಲು ಬೀದಿಗೆ ಬರುತ್ತಿತ್ತು. “ಗಮನ ತಾನೇ? ನೇರ ಹೋಗಿ, ಎಡಕ್ಕೆ ತಿರುಗಿ. ಬಾಗಿಲ ಮೇಲೆ ಬರೆದಿದೆ,” ಎಂದ. ನೇರ ಎಂಬುದು ಅವಳ ಮಟ್ಟಿಗೆ ಕಷ್ಟದ ದಿಕ್ಕು. ದಾರಿಯಲ್ಲಿ ಒಂದು ತಳ್ಳುಗಾಡಿಯ ಚಕ್ರ ಕಿರ್ರೆನ್ನುತ್ತಿತ್ತು, ಒಬ್ಬ ಮುದುಕಿ ಬಾಯಿ ತೆರೆದು ಮಲಗಿದ್ದಳು, ಅವಳ ಕೆಳದವಡೆಯ ಏಣು ಸವೆದು ಕತ್ತಿಯಲುಗಿನಂತಾಗಿತ್ತು, ಅಂಥ ಒಸಡಿನ ಮೇಲೆ ಕಟ್ಟಿಸಿದ ಹಲ್ಲಿನ ಸೆಟ್ಟು ಕೂರುವುದಿಲ್ಲ, ಕೂರಿಸಬೇಕಾದರೆ ಅಂಚನ್ನು ಎಲ್ಲಿಯವರೆಗೆ ಇಳಿಸಬೇಕು ಎಂದು ಯೋಚಿಸುತ್ತ ಅವಳು ಎಡಕ್ಕೆ ತಿರುಗಿದಳು. ಎಡಗಡೆ ಒಂದು ಬಾಗಿಲಿಗೆ ಉದ್ದನೆಯ ಫಲಕವಿತ್ತು, ಸಣ್ಣ ಅಕ್ಷರದಲ್ಲಿ, ಆ ಹೆಸರೇ ಇದ್ದಿರಬೇಕು. ಅದನ್ನು ಕೊನೆಯವರೆಗೆ ಓದುವಷ್ಟು ಗಮನ ಇದ್ದವರಿಗೆ ಆ ಕೋಣೆಯ ಅಗತ್ಯವೇ ಬೀಳುತ್ತಿರಲಿಲ್ಲ. ಎದುರಿಗೆ, ಕಾರಿಡಾರಿನ ತುದಿಯಲ್ಲಿ, ಅಂಗೈಯಗಲದ ಸ್ಟೀಲಿನ ಅಕ್ಷರಗಳಲ್ಲಿ ‘ಗಮನ’ ಎಂದು ಬರೆದ ಬಾಗಿಲಿತ್ತು. ಅವಳು ಮನಸ್ಸಿನಲ್ಲೇ ಒಂದು ಸಲ ‘ನಾನು’ ಎಂದು ಹೇಳಿಕೊಂಡು, ತಳ್ಳಿ, ಒಳಗೆ ಹೋದಳು.

ಒಳಗೆ ಬಿಸಿಲಿತ್ತು. ಬಾಗಿಲು ಹಿಂದೆ ಭಾರವಾಗಿ ಮುಚ್ಚಿಕೊಂಡಿತು. ಅದು ಕಟ್ಟಡದ ಹಿಂಬದಿಯ ಓಣಿ. ಒಂದು ಪಕ್ಕ ಮುರಿದ ಮಂಚಗಳು, ಇನ್ನೊಂದು ಪಕ್ಕ ಎತ್ತರದ ಕಾಂಪೌಂಡು, ನಡುವೆ ಹತ್ತು ಹನ್ನೆರಡು ಜನ. ಯಾರೂ ಗಾಬರಿಯಲ್ಲಿರಲಿಲ್ಲ. ಒಬ್ಬರು ಗೋಡೆಗೆ ಒರಗಿದ್ದರು, ಕೆಲವರು ಮಂಚದ ಚೌಕಟ್ಟಿನ ಮೇಲೆ ಕೂತಿದ್ದರು, ಟೈ ಕಟ್ಟಿಕೊಂಡ ಗಂಡಸೊಬ್ಬರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದರು. ವಿಮೆಯ ಕೆಲಸದವರು ಎಂದು ಅವರೇ ಹೇಳಿಕೊಂಡರು.

“ಬನ್ನಿ, ಬನ್ನಿ,” ಅಂದರು ವಿಮೆಯವರು. “ಗಮನಕ್ಕೆ ತಾನೇ? ಇವರ ಹಿಂದೆ ನೀವು.”

‘ಇವರು’ ಎಂದರೆ ಕೈಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಹಿಡಿದ ಹೆಂಗಸು. ಅದನ್ನು ಬಳೆಯಂತೆ ಮಣಿಕಟ್ಟಿಗೆ ಹಾಕಿ ತಿರುಗಿಸುತ್ತಿದ್ದಳು.

“ಒಳಗೆ ಯಾವಾಗ ಕರೀತಾರೆ?” ಅವಳು ಕೇಳಿದಳು.

“ಕರೀತಾರೆ. ಹೋದ ವಾರಾನೂ ಬಂದಿದ್ದೆ ನಾನು, ಸಂಜೆವರೆಗೂ ಕರೀಲಿಲ್ಲ,” ಅಂದಳು ಗ್ಯಾಸ್ಕೆಟ್ಟಿನವಳು. “ದೊಡ್ಡಾಸ್ಪತ್ರೆ ಅಂದ್ಮೇಲೆ ಹಾಗೇ ಅಲ್ವಾ. ಕೊನೆಗೆ ಕಾಂಪೌಂಡಿನ ಗೇಟಿಂದ ಮನೆಗೆ ಹೋದೆ. ಇವತ್ತು ಇದರ ಅಳತೆಗೆ ಹೊಸ ಗ್ಯಾಸ್ಕೆಟ್ ತರೋಕೆ ಹೊರಟೆ, ಇಲ್ಲಿಗೆ ಬಂದೆ. ಯಾಕೆ ಬಂದೆ ಅಂತ ಬಂದ್ಮೇಲೆ ನೆನಪಾಯ್ತು, ಸದ್ಯ.”

“ಆ ಗೇಟಿಂದ ಸುತ್ತು ಹಾಕ್ಕೊಂಡು ಮುಂಬಾಗಿಲಿಗೆ ಹೋಗ್ಬಹುದಲ್ಲಾ?”

“ಹೋಗಿದ್ದೆ,” ವಿಮೆಯವರು ನಿಂತರು, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸತೊಡಗಿದರು. “ಬೆಳಿಗ್ಗೆಯಿಂದ ಅದೇ ಮಾಡ್ತಿದ್ದೀನಿ. ಕೌಂಟರಲ್ಲಿ ಕೇಳಿದೆ, ನೇರ ಹೋಗಿ ಎಡಕ್ಕೆ ತಿರುಗಿ ಅಂದ. ತಿರುಗಿದೆ. ಗಮನ ಅಂತ ಬರೆದಿತ್ತು. ತಳ್ಳಿದೆ. ಇಲ್ಲಿದ್ದೀನಿ. ಆಮೇಲೆ ಆಸ್ಪತ್ರೆಗೇ ಫೋನ್ ಮಾಡಿದೆ. ಎಲ್ಲಿದ್ದೀರಿ ಅಂದ್ರು. ಗಮನದ ಬಾಗಿಲ ಹತ್ರ ಅಂದೆ. ಹಾಗಾದ್ರೆ ಸರಿಯಾದ ಜಾಗದಲ್ಲೇ ಇದ್ದೀರಿ, ಕಾಯಿರಿ ಅಂದ್ರು. ನನ್ನ ಅಭಿಪ್ರಾಯ ಕೇಳಿದ್ರೆ ಇದೇ ಪರೀಕ್ಷೆ ರೀ. ನಾವು ಏನೇನು ಮಾಡ್ತೀವಿ ಅಂತ ಮೇಲಿಂದ ನೋಡ್ತಿದ್ದಾರೆ.”

ಎಲ್ಲರೂ ಮೇಲೆ ನೋಡಿದರು. ಮೂರನೆಯ ಮಹಡಿಯ ಕಿಟಕಿಯಲ್ಲಿ ನರ್ಸೊಬ್ಬಳು ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಹನಿಗಳು ಬಿದ್ದವು. ಒಬ್ಬರು ನೆಟ್ಟಗೆ ಕೂತರು.

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಒಳಗೆ ಎಲ್ಲೋ, ಬಿಸಿಲಿಲ್ಲದ ಕೋಣೆಯಲ್ಲಿ, ತನ್ನ ಹೆಸರನ್ನು ಈಗ ಕೂಗುತ್ತಿರಬಹುದು. ಖಾಲಿ ಬೆಂಚಿನ ಮುಂದೆ ಹೆಸರು ಕೂಗುವುದು ಹೇಗಿರುತ್ತದೆ ಎಂದು ಅವಳು ಊಹಿಸಿದಳು. ಶಾಲೆಯಲ್ಲಿ ಹಾಜರಿ ಕರೆಯುವಾಗ ಅವಳು ಅಲ್ಲೇ ಕೂತಿದ್ದೂ ಎಷ್ಟೋ ಸಲ ಗೈರಾಗಿದ್ದಳು. ಪಕ್ಕದವಳು ತಿವಿದಾಗ ಎದ್ದು ನಿಂತು ‘ಬಂದಿದ್ದಾಳೆ ಮಿಸ್’ ಎಂದುಬಿಟ್ಟಿದ್ದಳು ಒಮ್ಮೆ. ಇಡೀ ತರಗತಿ ಹೊಟ್ಟೆ ಹಿಡಿದು ನಕ್ಕಿತ್ತು. ಆಮೇಲೆ ಶಾಲೆ ಬಿಡುವವರೆಗೆ ಅದೇ ಅವಳ ಅಡ್ಡಹೆಸರಾಗಿತ್ತು, ಬಂದಿದ್ದಾಳೆ. ಬಂದಿದ್ದಾಳೆ ಬಂದಳು ನೋಡ್ರೇ. ಬಂದಿದ್ದಾಳೆ ಇವತ್ತು ಬಂದಿಲ್ಲ. ಅವಳು ಬಾಗಿಲನ್ನು ನೋಡಿದಳು. ಈ ಬದಿಗೆ ಹಿಡಿಯೇ ಇರಲಿಲ್ಲ, ನುಣ್ಣನೆಯ ತಗಡು. ತಗಡಿನ ಮೇಲೆ ಏನೂ ಬರೆದಿರಲಿಲ್ಲ. ಬರೆದದ್ದು ಆ ಬದಿಗೆ. ಕಣ್ಣು ಮುಚ್ಚಿ ಅದನ್ನು ಮತ್ತೆ ನೋಡಿದಳು. ಅವಳ ಗಮನ ಇಲ್ಲದ್ದಲ್ಲ, ತಡವಾಗಿ ಬರುವಂಥದು. ನೋಡುವಾಗ ನೋಡದೆ, ಆಮೇಲೆ ಯಾವಾಗಲೋ ನೋಡುವುದು ಅದರ ಸ್ವಭಾವ. ಗ, ಮ, ನ. ಅಕ್ಷರಗಳು ಬಾಗಿಲ ನಡುಮಧ್ಯಕ್ಕಿರದೆ ಬಲಕ್ಕೆ ಸರಿದಿದ್ದವು. ಎಡಕ್ಕೆ ಒಂದು ಹಲ್ಲಿನಷ್ಟು ಖಾಲಿ. ಗ ಮತ್ತು ಮ ನಡುವೆ ಇನ್ನೊಂದು ಸಣ್ಣ ಸಂದು. ಬಾಯಿಯಲ್ಲಿ ಹಲ್ಲು ಬಿದ್ದ ಜಾಗ ಸುಮ್ಮನೆ ಖಾಲಿಯಾಗಿರುವುದಿಲ್ಲ, ಅಲ್ಲಿ ಏನೋ ಇತ್ತು ಎಂದು ಅಕ್ಕಪಕ್ಕದವು ಹೇಳುತ್ತಿರುತ್ತವೆ.

“ಅದು ಗಮನ ಅಲ್ಲ,” ಅಂದಳು ಕಣ್ಣು ತೆರೆದು. “ನಿರ್ಗಮನ. ‘ನಿ’ ಬಿದ್ದುಹೋಗಿದೆ. ಅರ್ಕಾವತ್ತೂ ಬಿದ್ದಿದೆ.”

ವಿಮೆಯವರ ಹಿಮ್ಮಡಿಗಳು ನೆಲಕ್ಕಿಳಿದವು.

“ಅಂದ್ರೆ ನಾವು ಈಗ ಹೊರಗಿದ್ದೀವಿ ಅಂತಲಾ?” ಗ್ಯಾಸ್ಕೆಟ್ಟಿನವಳು ಕೇಳಿದಳು.

“ಹೌದು.”

“ಆಕಾಶ ಕಂಡಾಗ್ಲೇ ನನಗೆ ಅನುಮಾನ ಬಂದಿತ್ತು ಕಣಮ್ಮ. ಎಲ್ಲರೂ ಸುಮ್ಮನಿದ್ರಲ್ಲ ಅಂತ ನಾನೂ ಸುಮ್ಮನಿದ್ದೆ.”

ಗೋಡೆಗೆ ಒರಗಿದ್ದ ವಯಸ್ಸಾದವರು ಕೆಮ್ಮಿದರು. ನಿವೃತ್ತ ವ್ಯಾಕರಣದ ಮೇಷ್ಟ್ರು. ಎಪ್ಪತ್ತು ದಾಟಿದ ಮೇಲೆ ಮೊಮ್ಮಗನ ಕಾಯಿಲೆಯ ಬಗ್ಗೆ ಓದಿ, ಅದು ತಮ್ಮದೇ ಜೀವನಚರಿತ್ರೆಯೆಂದು ಕಂಡು, ಯಾರಿಗೂ ಹೇಳದೆ ಬಂದಿದ್ದರು. “ಬಿದ್ದದ್ದರಿಂದ ತಪ್ಪೇನೂ ಆಗಿಲ್ಲ,” ಎಂದರು. “ಗಮನ ಅಂದ್ರೇನೇ ಹೋಗುವುದು. ಆಗಮನ, ಬರುವುದು. ನಿರ್ಗಮನ, ಹೊರಗೆ ಹೋಗುವುದು. ಬರೀ ಗಮನ ಅಂದ್ರೆ ಎಲ್ಲಿಗೆ ಅಂತಿಲ್ಲದೆ ಹೋಗ್ತಾ ಇರುವುದು. ನಲವತ್ತು ವರ್ಷ ಪಾಠ ಮಾಡಿದ್ದೀನಿ, ಇವತ್ತು ಹೊಳೀತು ನೋಡಿ. ನಮಗೆ ಅದರ ಕೊರತೆ ಅಂತ ಯಾವ ಪುಣ್ಯಾತ್ಮ ಹೇಳಿದ್ದು? ನಮಗೆ ಅದು ವಿಪರೀತ.”

ಇದು ಎಲ್ಲರಿಗೂ ಬಹಳ ಹಿಡಿಸಿತು. ವಿಮೆಯವರಂತೂ ಕೆಲಸದಲ್ಲಿ ತಮ್ಮನ್ನು ಅವಮಾನಿಸಿದ ಮ್ಯಾನೇಜರನಿಗೆ ಇದನ್ನೇ ಹೇಳಬೇಕೆಂದು, ಹೇಗೆ ಹೇಳಬೇಕೆಂದು, ಅವನು ಆಗ ಏನನ್ನಬಹುದೆಂದು ನಟಿಸಿ ತೋರಿಸಿದರು. ಒಬ್ಬರು ತಮ್ಮ ಮದುವೆಯ ದಿನದ ಬಗ್ಗೆ ಶುರುಮಾಡಿ ಒಂದು ಕುದುರೆಯ ಬಗ್ಗೆ ಮುಗಿಸಿದರು. ಅವಳೂ ಕೇಳುತ್ತ ಕೂತಳು, ಮುಂದೇನಾಯಿತು ಎಂದು ಕೇಳಿದಳು ಕೂಡ. ಇಲ್ಲಿ ಯಾರೂ ಯಾರಿಗೂ ‘ವಿಷಯಕ್ಕೆ ಬಾ’ ಎನ್ನುತ್ತಿರಲಿಲ್ಲ. ಹಾಗೆ ಸುಖವಾಗಿರುವಾಗಲೇ ಬಾಗಿಲು ತೆರೆಯಿತು. ಚಳಿಗೆ ಹಾಕುವ ಕೋಟು ಹಾಕಿಕೊಂಡಿದ್ದ ಯುವಕನೊಬ್ಬ ಹೊರಬಂದ. “ಬಾಗಿಲು ಹಿಡೀರಿ, ಬಾಗಿಲು,” ಎಂದರು ವಿಮೆಯವರು. ಅವನು ಯಾರು ಕರೆದದ್ದೆಂದು ತಿರುಗಿ ನೋಡಿದ. ಬಾಗಿಲು ಮುಚ್ಚಿತು. “ಯಾವ ಬಾಗಿಲು?” ಎಂದ.

ಆಮೇಲೆ ತೀರ್ಮಾನವಾಯಿತು: ಬಾಗಿಲ ಪಕ್ಕ ಒಬ್ಬರು ನಿಲ್ಲಬೇಕು, ಮುಂದಿನ ಸಲ ತೆರೆದಾಗ ಹಿಡಿಯಬೇಕು. ಯಾರು ಎಂದು ಬಂದಾಗ ಎಲ್ಲರೂ ನೆಲ ನೋಡಿದರು. “ಅಕ್ಷರ ಬಿದ್ದದ್ದನ್ನ ಕಂಡವಳು ಅವಳೇ,” ಅಂದರು ಮೇಷ್ಟ್ರು. ಅವಳು ನಿಂತಳು.

ಬರೇ ನಿಂತು ಕಾಯುವುದು. ಜಗತ್ತಿನಲ್ಲಿ ಇದಕ್ಕಿಂತ ಸುಲಭದ ಕೆಲಸವಿಲ್ಲ, ಲ್ಯಾಬಿನಲ್ಲಿ ಯಜಮಾನರೂ ಹೀಗೇ ಹೇಳುತ್ತಿದ್ದರು. ಪ್ಲಾಸ್ಟರನ್ನು ಕಲಸಿದಾಗ ಮೇಲ್ಮೈ ಹಾಲಿನಂತೆ ಹೊಳೆಯುತ್ತದೆ. ಹೊಳಪು ಹೋಗಿ ಮಂಕಾಗುವ ಮೊದಲು ಸುರಿದುಬಿಡಬೇಕು, ಅಷ್ಟೇ. ಹೊಳಪನ್ನು ನೋಡುತ್ತ ನಿಂತರೆ ಸಾಕು. ಅವಳು ನೋಡುತ್ತ ನಿಲ್ಲುತ್ತಿದ್ದಳು. ಗಟ್ಟಿಯಾಗುವಾಗ ಪ್ಲಾಸ್ಟರು ಬಿಸಿಯಾಗುತ್ತದೆ, ಹೀರಿಕೊಂಡ ನೀರು ಹರಳಿನೊಳಗೆ ಸೇರಿಕೊಂಡು ಶಾಖ ಹೊರಗೆ ಬರುತ್ತದೆ. ಯಾರದೋ ದವಡೆಯ ಮೇಲೆ ಅಂಗೈಯಿಟ್ಟರೆ ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಿರುತ್ತದೆ, ಆಮೇಲೆ ತಣ್ಣಗಾಗುತ್ತದೆ, ಜ್ವರ ಇಳಿದಂತೆ ನಿಧಾನವಾಗಿ, ಎಂದುಕೊಳ್ಳುವಷ್ಟರಲ್ಲಿ ಬಟ್ಟಲಿನಲ್ಲಿ ಚಮಚ ನೆಟ್ಟಗೆ ನಿಂತಿರುತ್ತಿತ್ತು. ಒಮ್ಮೆ ಒಬ್ಬ ಮುದುಕರ ಮೇಲ್ದವಡೆಯ ಸೆಟ್ಟಿನ ಮೇಲೆ ಇನ್ನೊಬ್ಬ ಮುದುಕರ ಹೆಸರು ಬರೆದಿದ್ದಳು. ಇಬ್ಬರೂ ಹಾಕಿಕೊಂಡು ಹೋದರು, ಇಬ್ಬರೂ ದೂರು ಕೊಡಲಿಲ್ಲ. ಒಬ್ಬರು, ಬಹಳ ವರ್ಷದ ಮೇಲೆ ಸರಿಯಾಗಿ ನಗುತ್ತಿದ್ದೇನೆ ಎಂದು ಫೋನು ಮಾಡಿದ್ದರು. ತಪ್ಪು ಗೊತ್ತಾದ ಮೇಲೆ ಯಜಮಾನರು ಅದನ್ನು ಬಂದವರಿಗೆಲ್ಲ ಕತೆ ಮಾಡಿ ಹೇಳಿದರು, ಪಕ್ಕದ ಅಂಗಡಿಯವನಿಗೆ, ಅಂಚೆಯವನಿಗೆ, ಹಲ್ಲಿನ ಅಚ್ಚು ಕೊಡಲು ಬಂದವರಿಗೆ. ಅವಳು ಕತೆಯ ಪಕ್ಕದಲ್ಲೇ ಕೂತು ಪ್ಲಾಸ್ಟರಿನ ಒಸಡು ಉಜ್ಜುತ್ತಿದ್ದಳು. ಬೇರೆಯವರ ನಗುವನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿರುವ ಆ ಮುದುಕರು ಈಗ ಎಲ್ಲಿರಬಹುದು, ರಸ್ತೆಯಲ್ಲಿ ಎದುರಾದರೆ ಒಬ್ಬರ ಹಲ್ಲು ಇನ್ನೊಬ್ಬರನ್ನು ಗುರುತು ಹಿಡಿಯಬಹುದೇ,

“ಇಲ್ಲೇನು ಮಾಡ್ತಿದ್ದೀಯೇ?”

ಅಮ್ಮ ನಿಂತಿದ್ದಳು. ಎರಡು ಬ್ಯಾಗು, ಎರಡು ಫೋನು, ಹಣೆಯ ಮೇಲೆ ಬೆವರು. ಅವಳು ಅಮ್ಮನ ಮುಖ ನೋಡಿದಳು. ಅಮ್ಮನ ಹಿಂದೆ ಬಾಗಿಲು, ಯಾರ ಅವಸರವೂ ಇಲ್ಲದೆ, ಮುಚ್ಚಿಕೊಂಡಿತು. ಓಣಿಯಲ್ಲಿ ಎಲ್ಲರೂ ಒಟ್ಟಿಗೇ ಉಸಿರು ಬಿಟ್ಟರು, ಬೇಸರದಿಂದಲ್ಲ, ತಮಗೆ ಚೆನ್ನಾಗಿ ಪರಿಚಯವಿದ್ದ ಒಂದನ್ನು ಕಂಡವರಂತೆ.

“ಒಳಗೆ ನಿನ್ನ ಹೆಸರು ಕೂಗ್ತಿದ್ರಂತೆ,” ಅಮ್ಮ ಅಂದಳು. “ಇನ್ನೊಂದು ಸಲ ಕೂಗಿ ಗೈರು ಹಾಕ್ತಾರಂತೆ. ಎಲ್ಲಿ ಹಾಳಾಗಿ ಹೋದ್ಳು ಅಂತ ಹುಡುಕ್ಕೊಂಡು ಬಂದೆ. ಕೌಂಟರಲ್ಲಿ ಕೇಳಿದ್ರೆ ನೇರ ಹೋಗಿ ಎಡಕ್ಕೆ ಅಂದ.”

“ನೀವೂ ಓದಿದ್ರಾ, ಗಮನ ಅಂತ?” ಮೇಷ್ಟ್ರು ಕುತೂಹಲದಿಂದ ಕೇಳಿದರು.

“ಓದ್ದೇ ಬರ್ತೀನಾ? ನಾನೇನು ಇವಳ ಹಾಗಾ?” ಎಂದಳು ಅಮ್ಮ. ಆಮೇಲೆ ಓಣಿಯನ್ನು ನೋಡಿದಳು. ಮುರಿದ ಮಂಚ, ಕಾಂಪೌಂಡು, ಆಕಾಶ. ಹಿಡಿಯಿಲ್ಲದ ಬಾಗಿಲನ್ನು ಒಂದು ಸಲ ಬೆರಳಿಂದ ಮುಟ್ಟಿ ನೋಡಿದಳು. ಅಮ್ಮನ ಮುಖದಲ್ಲಿ ಹಾಗೆ ಏನೂ ಹೊಳೆಯದ ಕ್ಷಣವನ್ನು ಅವಳು ಹಿಂದೆ ಕಂಡಿರಲಿಲ್ಲ. ತಾನು ಅದನ್ನು ನೋಡಬಾರದೆಂದು ಅನ್ನಿಸಿತು.

ಆದರೆ ಓಣಿಗೆ ಹೊಸ ಹುರುಪು ಬಂದಿತ್ತು. ಇವರು ರೋಗಿಯಲ್ಲ, ಇವರಿಗೆ ಗಮನವಿದೆ. ಬಾಗಿಲಿಗೆ ಇವರನ್ನೇ ನಿಲ್ಲಿಸೋಣ ಎಂದರು ವಿಮೆಯವರು. ಅಮ್ಮ ಬ್ಯಾಗುಗಳನ್ನು ಮಗಳ ಕೈಗೆ ಕೊಟ್ಟು, ಬಾಗಿಲ ಪಕ್ಕದ ಗೋಡೆಗೆ ಭುಜ ತಾಗಿಸಿ ಸಿಪಾಯಿಯಂತೆ ನಿಂತಳು. ಎಲ್ಲರಿಗೂ ನೆಮ್ಮದಿಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಗ್ಯಾಸ್ಕೆಟ್ಟಿನವಳು ಸುಮ್ಮನೆ ಮಾತಿಗೆ, “ಚಿಕ್ಕಂದಿನಿಂದಾನೂ ಹೀಗೇನಾ ಮಗಳು?” ಎಂದು ಕೇಳಿದಳು.

“ಅಯ್ಯೋ, ಅದನ್ನ ಕೇಳ್ಬೇಡಿ,” ಎಂದಳು ಅಮ್ಮ. ಕೇಳಬೇಡಿ ಎಂದ ಮೇಲೆ ಅವಳು ಬಿಡುವುದಿಲ್ಲ. “ನಡೆಯೋಕೆ ಮೊದಲು ಓಡಿದ್ಳು. ಒಂದು ಸಲ ಇವಳಿಗೆ ಜಡೆ ಹಾಕ್ತಾ ಇದ್ದೀನಿ, ಅರ್ಧ ಜಡೆಯಲ್ಲಿ ಎದ್ದು ಹೋದ್ಳು, ಸಂಜೆಗೆ ಅರ್ಧ ಜಡೇಲೇ ಬಂದ್ಳು. ಯಾರ್ಯಾರದೋ ಮನೇಲಿ ಊಟ ಮಾಡಿದ್ಳಂತೆ. ಬೈದ್ರೆ ಕೇಳಿಸ್ಕೊಳ್ತಾಳೆ, ಪೂರ್ತಿ ಕೇಳಿಸ್ಕೊಳ್ತಾಳೆ, ಆಮೇಲೆ, ಅಮ್ಮ ನಿನ್ನ ಕಿವಿ ಒಂದು ದೊಡ್ಡದಿದೆ ಅಂತಾಳೆ. ನಾನೇ ಎಲ್ಲ ಜ್ಞಾಪಕ ಇಟ್ಕೋಬೇಕು. ಇವಳ ಮಾತ್ರೆ, ಇವಳ ಬೀಗದಕೈ, ಇವಳ ಪರೀಕ್ಷೆ. ರಾತ್ರಿ ಕನಸಲ್ಲೂ ಇವಳ ಛತ್ರಿ ಹುಡುಕ್ತಿರ್ತೀನಿ. ನನ್ನ ತಲೇಲಿ ನಂದು ಅಂತ ಏನಿದೆ ಹೇಳಿ? ಈಗ ಇವರು, ನೀವು ಬರೋ ಹಾಗಿಲ್ಲ ಅಂತಾರೆ. ಬರ್ದೆ ಇದ್ರೆ ನಾನು ಎಲ್ಲಿಗೆ ಹೋಗ್ಲಿ? ಬೆಂಚಿನ ಮೇಲೆ ಕೂತು ಏನು ಯೋಚ್ನೆ ಮಾಡ್ಲಿ?”

ಅಮ್ಮ ಇದನ್ನು ಗ್ಯಾಸ್ಕೆಟ್ಟಿನವಳಿಗೆ ಹೇಳುತ್ತಿದ್ದಳು, ಆ ದೂರಿನ ಫೋನಿನ ದನಿಯಲ್ಲಲ್ಲ. ಫೋನಿನ ಆ ತುದಿಯ, ಕತ್ತಲಲ್ಲಿ ಕೂತವರ ದನಿಯಲ್ಲಿ. ಓಣಿಯೆಲ್ಲ ಕೇಳುತ್ತಿತ್ತು. ಅವಳೂ ಕೇಳುತ್ತಿದ್ದಳು, ಎರಡು ಬ್ಯಾಗು ಹಿಡಿದು, ತನ್ನದೇ ಕತೆಯ ಪಕ್ಕದಲ್ಲಿ ಮತ್ತೊಮ್ಮೆ ನಿಂತು. ಆದರೆ ಈ ಕತೆಯಲ್ಲಿ ನಡುವೆ ಎಲ್ಲೋ ಅವಳು ಎದ್ದುಹೋಗಿ ಅಮ್ಮ ಒಬ್ಬಳೇ ಉಳಿದಿದ್ದಳು. ಅರ್ಧ ಜಡೆ ಕೈಯಲ್ಲಿ ಹಿಡಿದಂತೆ. ಆ ಹೊತ್ತಿಗೆ ಅಮ್ಮನ ಭುಜದ ಪಕ್ಕದಲ್ಲಿ ಬಾಗಿಲು ತೆರೆಯಿತು. ಚಹಾದ ಫ್ಲಾಸ್ಕು ಹಿಡಿದ ಜವಾನನೊಬ್ಬ ಹೊರಗೆ ಬಂದು, ಯಾರನ್ನೂ ನೋಡದೆ ಗೇಟಿನ ಕಡೆ ನಡೆದ. ಅಮ್ಮ ಸರಿದು ಅವನಿಗೆ ದಾರಿ ಬಿಟ್ಟಳು, ಮಾತು ನಿಲ್ಲಿಸದೆ. ಬಾಗಿಲು ಮುಚ್ಚತೊಡಗಿತು. ಯಾರೂ ನೋಡಲಿಲ್ಲ. ಅವಳು ನೋಡಿದಳು. ಬ್ಯಾಗುಗಳನ್ನು ಕೈಬಿಟ್ಟು, ಯೋಚಿಸದೆ, ಯೋಚಿಸಿದ್ದರೆ ಬೇರೆಲ್ಲಿಗೋ ಹೋಗಿಬಿಡುತ್ತಿದ್ದಳು, ಸಂದಿಗೆ ಕೈ ಹಾಕಿದಳು.

ಬಾಗಿಲು ಬೆರಳುಗಳ ಮೇಲೆ ಮುಚ್ಚಿತು. ನೋವು ಅವಳ ಮಟ್ಟಿಗೆ ಅಪರೂಪದ ಸಂಗತಿಯಾಗಿತ್ತು: ಅದು ಒಂದೇ ಕಡೆ ಇತ್ತು, ಅತ್ತಿತ್ತ ಹೋಗಲಿಲ್ಲ.

“ಬೆರಳು, ಬೆರಳು,” ಎನ್ನುತ್ತ ಅಮ್ಮ ಬಾಗಿಲನ್ನು ಎಳೆದು ತೆರೆದಳು. ಮಗಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಊದಿದಳು. ಬೆರಳುಗಳ ಮೇಲೆ ನೀಲಿ ಗೆರೆ ಎದ್ದಿತ್ತು. “ನಡಿ, ನಾನೂ ಬರ್ತೀನಿ. ಯಾವ ನಿಯಮ ಹೇಳ್ತಾರೋ ನೋಡೇ ಬಿಡ್ತೀನಿ.”

ಅಮ್ಮ ಬಂದರೆ ಎಲ್ಲ ಸರಿಹೋಗುತ್ತದೆ. ಬೆರಳಿಗೆ ಐಸು, ಮಾತ್ರೆಗೆ ಚೀಟಿ. ಅವಳು ಆನೆಯ ಮೇಲೆ ಕೂತರಾಯಿತು.

“ನೀನು ಬಾಗಿಲು ಹಿಡ್ಕೋ ಅಮ್ಮ,” ಅಂದಳು. “ಬಿಟ್ರೆ ಇವರೆಲ್ಲ ಇಲ್ಲೇ ಉಳೀತಾರೆ.”

“ನೀನು?”

“ಬಲಗಡೆ ಬಾಗಿಲು. ನೋಡಿದ್ದೀನಿ. ಹೋಗ್ತೀನಿ.”

ಅಮ್ಮ ಬಾಗಿಲು ಹಿಡಿದುಕೊಂಡೇ ಒಂದು ಹೆಜ್ಜೆ ಒಳಗಿಟ್ಟಳು. ಆದರೆ ಆಗಲೇ ಗ್ಯಾಸ್ಕೆಟ್ಟಿನವಳು ತನ್ನ ಚಪ್ಪಲಿ ಹುಡುಕುತ್ತಿದ್ದಳು, ಮೇಷ್ಟ್ರು ಮಂಚದ ಕೆಳಗೆ ಬಿದ್ದ ಕನ್ನಡಕಕ್ಕೆ ಬಗ್ಗಿದ್ದರು, ವಿಮೆಯವರು ಅವಸರದಲ್ಲಿ ಗೇಟಿನ ಕಡೆಗೇ ಹೊರಟಿದ್ದರು. “ರೀ ಟೈ, ಆ ಕಡೆ ಅಲ್ಲ, ಈ ಕಡೆ,” ಎಂದು ಅಮ್ಮ ಕೂಗಿದಳು. ಕಾರಿಡಾರಿನಲ್ಲಿ ಅವಳಿಗೆ ಆ ಕೂಗು ಬಹಳ ದೂರದವರೆಗೆ ಕೇಳಿಸಿತು.

ಡಾಕ್ಟರು ತಲೆ ಎತ್ತಲಿಲ್ಲ. ಮೀನುಗಳಿಲ್ಲದ, ಆನೆಯಿಲ್ಲದ ಕೋಣೆ. ಕುರ್ಚಿ ಸರಿಯಾದ ಎತ್ತರಕ್ಕಿತ್ತು, ಕಾಲುಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. “ಗೈರು ಹಾಕೋದ್ರಲ್ಲಿದ್ದೆ,” ಎಂದರು ಡಾಕ್ಟರು ಬರೆಯುತ್ತಲೇ. “ನಮ್ಮ ವಿಭಾಗದಲ್ಲಿ ಗೈರು ಬಹಳ ಜಾಸ್ತಿ. ಬರೋಕೆ ಹೇಳಿದವರಲ್ಲಿ ಮುಕ್ಕಾಲು ಪಾಲು ಬರೋದೇ ಇಲ್ಲ. ಕಾಯಿಲೆಯ ಸ್ವರೂಪವೇ ಅದು. ಅದರ ಬಗ್ಗೇನೇ ಒಂದು ಲೇಖನ ಬರೀತಿದ್ದೀನಿ.”

“ಅವರೆಲ್ಲ ಬಂದಿದ್ದಾರೆ ಸರ್. ಹಿಂದಿನ ಓಣಿಯಲ್ಲಿದ್ದಾರೆ.”

“ರೂಪಕವಾಗಿ ಹೇಳೋದಾದ್ರೆ, ಹೌದು,” ಎಂದು ಡಾಕ್ಟರು ಒಪ್ಪಿದರು. ಆಗ ಅವರ ಕಣ್ಣು ಮೇಜಿನ ಮೇಲಿದ್ದ ಅವಳ ಕೈಗೆ ಬಿತ್ತು. “ಇದೇನಿದು? ಊದಿದೆಯಲ್ಲ. ಇದು ನಮ್ಮ ವಿಭಾಗ ಅಲ್ಲಮ್ಮ. ಮೂಳೆ ವಿಭಾಗಕ್ಕೆ ಹೋಗಿ. ನಮ್ಮಲ್ಲಿಗೆ ಬರೋಕೆ ಇನ್ನೊಂದು ದಿನ ಕೊಡೋಣ.” ಅವರು ಚೀಟಿಯನ್ನು ಪಕ್ಕಕ್ಕೆ ಸರಿಸಿದರು.

ಹೊರಗೆ ಹೋಗು ಎಂದಾಗ ಹೋಗಿಬಿಡುವುದು ಅವಳಿಗೆ ರೂಢಿ. ತರಗತಿಯಿಂದ, ಅಡುಗೆಮನೆಯಿಂದ, ಮಾತಿನ ಮಧ್ಯದಿಂದ. ಕಾಲುಗಳು ಆಗಲೇ ಅರ್ಧ ಎದ್ದಿದ್ದವು. ಅವಳು ಅವುಗಳನ್ನು ಮತ್ತೆ ಕೂರಿಸಿದಳು.

“ಬೆರಳು ಆಮೇಲೆ,” ಅಂದಳು. “ನಿದ್ದೆ ಚೆನ್ನಾಗಿ ಮಾಡ್ತಾಳೆ. ಅಲ್ಲ. ಮಾಡಲ್ಲ. ನಾನು ನಿದ್ದೆ ಮಾಡಲ್ಲ ಸರ್. ಕಣ್ಣು ಮುಚ್ಕೊಂಡು ಸುಮ್ಮನೆ ಮಲಗಿರ್ತೀನಿ. ನಾನು ಮಲಗಿದ್ಮೇಲೆ ಅಮ್ಮನಿಗೆ ಸ್ವಲ್ಪ ಹೊತ್ತು ಸಿಗುತ್ತೆ, ಅದಕ್ಕೆ. ಇದು ಯಾರಿಗೂ ಗೊತ್ತಿಲ್ಲ. ಮಾತ್ರೆ ತಗೊಂಡಾಗ ಕೆಲಸ ಮಾಡ್ತೀನಿ. ತಗೊಳ್ದೆ ಇದ್ದಾಗ ಕೆಲಸ ನನ್ನ ಮುಂದೇನೇ ಕಲ್ಲಾಗ್ತಾ ಇರುತ್ತೆ, ನಾನು ನೋಡ್ತಾ ಇರ್ತೀನಿ, ಕೈ ಮುಂದೆ ಹೋಗಲ್ಲ. ಸೋಮಾರಿತನ ಅಂತಾರೆ. ಸೋಮಾರಿಗಳಿಗೆ ಇಷ್ಟು ಸುಸ್ತಾಗುತ್ತಾ ಸರ್? ಈ ಕೆಲಸ ನನಗೆ ಬೇಕು. ನನಗೆ ಅದು ಇಷ್ಟ. ಬೇರೆಯವರು ಬಾಯಿ ಮುಚ್ಕೊಂಡು ಇಟ್ಕೊಂಡಿರೋದನ್ನ ನಾನು ಕೈಯಲ್ಲಿ ಹಿಡ್ಕೊಂಡು ನೋಡ್ತೀನಿ, ಅದು...”

ಕಾರಿಡಾರಿನಲ್ಲಿ ಸದ್ದು ಶುರುವಾಗಿತ್ತು. ಮೊದಲು ಚಪ್ಪಲಿಗಳು, ಆಮೇಲೆ ವ್ಯಾಕರಣ, ಆಮೇಲೆ ಯಾರದೋ ಕುದುರೆ. “ಬಲಗಡೆ, ಬಲಗಡೆ, ಫಲಕ ಓದೋಕೆ ನಿಲ್ಬೇಡಿ,” ಎಂದು ಅಮ್ಮನ ದನಿ ದೂರದಿಂದ ಅವರನ್ನೆಲ್ಲ ತಳ್ಳಿಕೊಂಡು ಬರುತ್ತಿತ್ತು. ಬಾಗಿಲ ಗಾಜಿನಲ್ಲಿ ಒಂದು ಮುಖ ಕಂಡಿತು, ಅದರ ಪಕ್ಕ ಇನ್ನೊಂದು, ನಡುವೆ ಒಂದು ಗ್ಯಾಸ್ಕೆಟ್ಟು. ಡಾಕ್ಟರರ ಪೆನ್ನು ನಿಂತಿತು. ತಮ್ಮ ಲೇಖನದ ಮುಕ್ಕಾಲು ಪಾಲು ಕಾರಿಡಾರಿನಲ್ಲಿ ನಿಂತು ಗಾಜಿಗೆ ಮೂಗು ಒತ್ತುತ್ತಿರುವುದನ್ನು ಅವರು ನೋಡಿದರು. “ಯಾರಿವರೆಲ್ಲ? ಇಷ್ಟೊಂದು ಜನ ಎಲ್ಲಿಂದ...” ಎನ್ನುತ್ತ ಎದ್ದು, ಬಾಗಿಲ ಕಡೆಗೆ ಹೊರಟರು.

“ಸರ್, ಕೂತ್ಕೊಳ್ಳಿ,” ಅಂದಳು ಅವಳು. “ನಾನಿನ್ನೂ ಮುಗಿಸಿಲ್ಲ.”

ದನಿ ಅಷ್ಟು ದೊಡ್ಡದಾಗಿರಲಿಲ್ಲ. ಆದರೂ ಡಾಕ್ಟರು ಅಲ್ಲೇ ನಿಂತು, ಬಾಗಿಲನ್ನೂ ಅವಳನ್ನೂ ನೋಡಿ, ಹಿಂದಿರುಗಿ ಬಂದು ಕೂತರು. ಪೆನ್ನು ತೆಗೆದುಕೊಂಡರು. ಅವಳ ಕೈಯನ್ನಲ್ಲ, ಚೀಟಿಯನ್ನಲ್ಲ, ಮುಖವನ್ನು ನೋಡಿದರು.

“ಹೇಳಿ.”

ಅವಳು ಉಸಿರೆಳೆದುಕೊಂಡಳು. ಕೋಣೆ ಸ್ತಬ್ಧವಾಗಿತ್ತು, ಎಲ್ಲ ಸಿದ್ಧವಾಗಿತ್ತು, ತಲೆಯೊಳಗೆ ಏನೂ ಇರಲಿಲ್ಲ.

“ಏನು ಹೇಳ್ತಿದ್ದೆ ಅನ್ನೋದು ಮರೆತೆ,” ಅಂದಳು. “ಬರ್ಕೊಳ್ಳಿ.”